ಮೂವತ್ತೊಂದನೆಯ ಮಗು

ಕೇಳುಗರಿಗೆ ನಮಸ್ಕಾರ.

2022ರ ಸೆಪ್ಟೆಂಬರ್ ಕೊನೆಯ ವಾರ. ಬೆಳಗಿನ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗುತ್ತಿದ್ದರು. ಗೇಟಿನ ಹತ್ತಿರ ಒಬ್ಬ ತಂದೆ ನಿಂತಿದ್ದರು. ಪಕ್ಕದಲ್ಲಿ ಮೂರನೆಯ ತರಗತಿಯ ಮಗಳು, ಸಮವಸ್ತ್ರದ ಬದಲು ಹಬ್ಬದ ಲಂಗ ತೊಟ್ಟುಕೊಂಡು. ಬೆಂಗಳೂರಿನಲ್ಲಿ ಕಟ್ಟಡವೊಂದರ ಕಾವಲು ಕೆಲಸ ಸಿಕ್ಕಿದೆ, ಟಿಸಿ ಬರೆದುಕೊಡಿ ಮೇಷ್ಟ್ರೇ ಎಂದರು. ಬರೆದುಕೊಟ್ಟೆ. ಅವರು ಬಸ್ಸು ಹತ್ತಿದ ಮೇಲೆ ದಾಖಲಾತಿ ಪುಸ್ತಕ ತೆರೆದು ಎಣಿಸಿದೆ. ಮೂವತ್ತು.

ಆ ಕ್ಷಣದಲ್ಲಿ ನನ್ನ ತಲೆಗೆ ಬಂದದ್ದು ಆ ಹುಡುಗಿಯ ಮುಖವಲ್ಲ, ಹದಿನೈದು ಸಾವಿರ ರೂಪಾಯಿ. ಹೇಳಲು ಈಗಲೂ ನಾಚಿಕೆಯಾಗುತ್ತದೆ. ಆದರೆ ಸಣ್ಣ ಸರಕಾರಿ ಶಾಲೆಯ ಮುಖ್ಯ ಶಿಕ್ಷಕನಾಗಿದ್ದವರಿಗೆ ಈ ಲೆಕ್ಕ ಥಟ್ಟನೆ ಅರ್ಥವಾಗುತ್ತದೆ. ಉಳಿದವರಿಗೆ ಬಿಡಿಸಿ ಹೇಳುತ್ತೇನೆ.

ಸಮಗ್ರ ಶಿಕ್ಷಣ ಎಂಬ ಯೋಜನೆಯಿದೆ. ಅದರ ಖರ್ಚಿನಲ್ಲಿ ಕೇಂದ್ರದ ಪಾಲು ಶೇಕಡ 60, ನಮ್ಮ ರಾಜ್ಯದ್ದು 40. ಅದರಡಿ ಪ್ರತಿ ಶಾಲೆಗೂ ವರ್ಷಕ್ಕೊಮ್ಮೆ ಒಂದು ಸಂಯುಕ್ತ ಅನುದಾನ. ಮಕ್ಕಳು ಮೂವತ್ತು ಅಥವಾ ಅದಕ್ಕಿಂತ ಕಡಿಮೆಯಿದ್ದರೆ 10,000 ರೂಪಾಯಿ. ಮೂವತ್ತೊಂದರಿಂದ ನೂರರವರೆಗೆ 25,000. ನೂರು ದಾಟಿದರೆ 50,000, ಇನ್ನೂರೈವತ್ತು ದಾಟಿದರೆ 75,000, ಸಾವಿರ ಮೀರಿದ ಶಾಲೆಗೆ ಒಂದು ಲಕ್ಷ. ಎಣಿಕೆಗೆ ಹಿಡಿಯುವುದು ಸೆಪ್ಟೆಂಬರ್ 30ರ ದಾಖಲಾತಿಯನ್ನು. ಆ ತಂದೆ ಒಂದು ವಾರ ತಡವಾಗಿ ಹೊರಟಿದ್ದರೆ ನನ್ನ ಶಾಲೆ ಇಪ್ಪತ್ತೈದು ಸಾವಿರದ ಶಾಲೆಯಾಗಿಯೇ ಉಳಿಯುತ್ತಿತ್ತು. ಒಂದು ವಾರ ತಡೆದು ಹೋಗಿ ಎಂದು ಕೇಳಿಬಿಡಲೇ ಎಂದು ನಾಲಿಗೆಯ ತುದಿಯವರೆಗೆ ಬಂದಿತ್ತು. ಕೇಳಲಿಲ್ಲ.

ಹತ್ತು ಸಾವಿರವೆಂದರೆ ತಿಂಗಳಿಗೆ ಎಂಟುನೂರ ಮೂವತ್ಮೂರು ರೂಪಾಯಿ. ಅದರಲ್ಲಿ ಕನಿಷ್ಠ ಹತ್ತನೆಯ ಒಂದು ಪಾಲು ಸ್ವಚ್ಛತೆಗೆ: ಫಿನಾಯಿಲು, ಸೋಪು, ಪೊರಕೆ. ಉಳಿದದ್ದರಲ್ಲಿ ಸೀಮೆಸುಣ್ಣ, ಹಾಜರಿ ಪುಸ್ತಕ, ಪಾಠೋಪಕರಣ, ಆಟದ ಸಾಮಾನು, ನೀರು, ಇಂಟರ್‌ನೆಟ್, ಕೆಟ್ಟು ಹೋದ ನಲ್ಲಿ, ಜೊತೆಗೆ ಕಟ್ಟಡದ ವಾರ್ಷಿಕ ದುರಸ್ತಿ. ನಮ್ಮದು ಮಲೆನಾಡಿನ ಅಂಚಿನ ಊರು, ಮಂಗಳೂರು ಹೆಂಚಿನ ಮಾಡು. ಮೇ ತಿಂಗಳಲ್ಲಿ ಕೋತಿಗಳು ಹಲಸಿನ ಮರದಿಂದ ಮಾಡಿಗೆ, ಮಾಡಿನಿಂದ ಮರಕ್ಕೆ ಹಾರುತ್ತವೆ. ಜೂನ್ ಮೊದಲ ಮಳೆಗೆ ಚಿಕ್ಕ ತರಗತಿಗಳ ನಲಿ-ಕಲಿ ಕೋಣೆಯಲ್ಲಿ ಬಕೆಟ್ ಇಡುವುದು ನಮ್ಮ ಶಾಲೆಯ ಸಂಪ್ರದಾಯ. ಸೋರುವ ಮಾಡಿನ ಕೆಳಗೆ ಮೂವತ್ತು ಮಕ್ಕಳು ಕುಳಿತರೂ ಅರವತ್ತು ಮಕ್ಕಳು ಕುಳಿತರೂ ಒಡೆಯುವ ಹೆಂಚುಗಳ ಸಂಖ್ಯೆ ಅಷ್ಟೇ. ಕೋತಿಗಳಿಗೆ ದಾಖಲಾತಿಯ ವಿವರ ಗೊತ್ತಿರುವುದಿಲ್ಲ. ಖರ್ಚು ಕಟ್ಟಡವನ್ನು ನೋಡಿ ಬರುತ್ತದೆ, ಹಣ ಮಾತ್ರ ತಲೆ ಎಣಿಸಿ ಬರುತ್ತದೆ. ನನ್ನ ತಕರಾರು ಇರುವುದು ಇಲ್ಲಿ. ಮಕ್ಕಳು ಕಡಿಮೆಯಾದರೆ ಹಣ ಕಡಿಮೆ, ಹಣ ಕಡಿಮೆಯಾದರೆ ಶಾಲೆಯ ಗೋಡೆಗೆ ಬಣ್ಣವಿಲ್ಲ, ಬಣ್ಣವಿಲ್ಲದ ಶಾಲೆಯನ್ನು ನೋಡಿದ ಪೋಷಕರು ಪೇಟೆಯ ಖಾಸಗಿ ಶಾಲೆಯ ಹಳದಿ ವ್ಯಾನಿಗೆ ಕೈ ಒಡ್ಡುತ್ತಾರೆ. ಮರುವರ್ಷ ಇನ್ನೆರಡು ತಲೆ ಕಡಿಮೆ.

ನಾನು ಎರಡು ಪುಸ್ತಕ ಇಟ್ಟಿದ್ದೆ. ಒಂದು ನಗದು ಪುಸ್ತಕ, ವೋಚರುಗಳನ್ನು ಅಂಟಿಸಿದ್ದು, ಲೆಕ್ಕಪರಿಶೋಧಕರಿಗಾಗಿ. ಇನ್ನೊಂದು ನೂರು ಪುಟದ ಗೆರೆ ನೋಟ್‌ಬುಕ್. ಅದರ ಮೊದಲ ಪುಟದಲ್ಲಿ ‘ಕೈಯಿಂದ’ ಎಂದು ಬರೆದಿದ್ದೆ. ಅನುದಾನ ಬರುವ ಮುಂಚೆ ಮೋಟಾರು ಸುಟ್ಟರೆ, ಸ್ವಾತಂತ್ರ್ಯ ದಿನಕ್ಕೆ ಸಿಹಿ ಕಡಿಮೆ ಬಿದ್ದರೆ, ಅತಿಥಿ ಶಿಕ್ಷಕಿಗೆ ಗೌರವಧನ ಬಾರದೆ ಆಕೆ ಬಸ್ಸಿನ ಹಣಕ್ಕೆ ತಡಕಾಡಿದರೆ ಈ ಪುಸ್ತಕದಲ್ಲಿ ಒಂದು ಸಾಲು ಸೇರುತ್ತಿತ್ತು. ಈ ಹಣ ಹಿಂದಿರುಗಿ ಬಂದದ್ದೂ ಉಂಟು, ಬಾರದೆ ಹೋದದ್ದೂ ಉಂಟು. ಹೆಂಡತಿಗೆ ಆ ಪುಸ್ತಕ ತೋರಿಸಿರಲಿಲ್ಲ.

ಅದೇ ಅಕ್ಟೋಬರಿನಲ್ಲಿ ಒಂದು ಸುತ್ತೋಲೆ ಬಂತು. ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆಯನ್ನು ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಸಂಗ್ರಹಿಸಬಹುದು ಎಂದು. ರಾಜ್ಯದಲ್ಲಿ ಗದ್ದಲವೆದ್ದು ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದರು. ಪಡೆಯುವ ಮುಂಚೆ ನಮ್ಮಲ್ಲಿ ಸಭೆ ಆಗಿಹೋಗಿತ್ತು. 2001ರಿಂದ ಊರಿನ ಶಾಲೆಯ ಮೇಲುಸ್ತುವಾರಿ ಪೋಷಕರದೇ ಸಮಿತಿಯ ಕೈಯಲ್ಲಿದೆ, ಹೊಣೆ ಕೊಟ್ಟಿದ್ದಾರೆ, ಹಣದ ಗಂಟು ಕೊಟ್ಟಿಲ್ಲ. ಸಭೆಯಲ್ಲಿ ಒಬ್ಬ ತಾಯಿ ಎದ್ದು ಸೆರಗಿನ ಗಂಟಿನಿಂದ ಮಡಚಿದ ಚೀಟಿಯೊಂದನ್ನು ತೆಗೆದರು. ಪಂಚಾಯಿತಿಯ ಮನೆ ಕಂದಾಯದ ರಸೀದಿ. ಆಗಲೇ ಕೊಟ್ಟಿದ್ದೇವಲ್ಲ ಸ್ವಾಮಿ, ಓದಿ ನೋಡಿ ಎಂದರು.

ಓದಿದೆ. ಕಂದಾಯದ ಮೇಲೆ ಆರೋಗ್ಯ ಕರ ಶೇಕಡ 15, ಶಿಕ್ಷಣ ಕರ 10, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಹೌದು, ನೂರು ರೂಪಾಯಿ ಕಂದಾಯಕ್ಕೆ ಹತ್ತು ರೂಪಾಯಿ ಶಿಕ್ಷಣದ ಹೆಸರಿನಲ್ಲಿ ಆಕೆ ಕಟ್ಟಿದ್ದರು. ಆ ಹತ್ತು ರೂಪಾಯಿ ಊರ ಶಾಲೆಯ ಖಾತೆಗೆ ನೇರವಾಗಿ ಬಂದು ಬೀಳುವುದಿಲ್ಲ ಎಂದು ವಿವರಿಸಲು ಹೊರಟೆ. ನನ್ನ ವಿವರಣೆ ನನಗೇ ಹಿಡಿಸಲಿಲ್ಲ. ಕುಳಿತುಕೊಂಡೆ.

ಸರಕಾರ ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. 2023ರ ರಾಜ್ಯೋತ್ಸವದ ದಿನ ಸರಕಾರಿ ಶಾಲೆಗಳ ವಿದ್ಯುತ್ ಮತ್ತು ನೀರು ಉಚಿತವೆಂದು ಘೋಷಣೆಯಾಯಿತು. ಆ ಅನುದಾನದ ದೊಡ್ಡ ತುತ್ತನ್ನು ನುಂಗುತ್ತಿದ್ದ ಬಿಲ್ಲು ತಪ್ಪಿತು. ನಾನು ನಿವೃತ್ತನಾಗುವ ಮುಂಚೆ ಅನುಭವಿಸಿದ ದೊಡ್ಡ ನೆಮ್ಮದಿ ಅದು. ಇನ್ನು ಒಟ್ಟಾರೆ ಹಣದ ಮಾತು: ದೇಶದ ಶಿಕ್ಷಣ ಹೇಗಿರಬೇಕೆಂದು ಹೇಳಲು ಕೊಠಾರಿ ಆಯೋಗ ನೇಮಕವಾದದ್ದು 1964ರಲ್ಲಿ, ನಾನು ಹುಟ್ಟಿದ ವರ್ಷ. ರಾಷ್ಟ್ರೀಯ ಆದಾಯದ ಶೇಕಡ 6ರಷ್ಟು ಶಿಕ್ಷಣಕ್ಕೆ ಹೋಗಬೇಕು ಎಂದು ಅದು 1966ರಲ್ಲಿ ಹೇಳಿತು. ನಾನು ಹುಟ್ಟಿ, ಓದಿ, ಪಾಠ ಹೇಳಿ, ಪಿಂಚಣಿಯನ್ನೂ ಪಡೆಯುತ್ತಿದ್ದೇನೆ. ಆ ಆರು ಇನ್ನೂ ದಾರಿಯಲ್ಲಿದೆ.

ಮೊನ್ನೆ ಶಾಲೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಮೊಟ್ಟೆ ಬೇಯುತ್ತಿತ್ತು. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರದ ಆರೂ ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಒಳ್ಳೆಯ ಕೆಲಸ. ಒಂದು ಮೊಟ್ಟೆಗೆ ನಿಗದಿಯಾದದ್ದು 6 ರೂಪಾಯಿ. ಊರ ಅಂಗಡಿಯಲ್ಲಿ ಆ ವಾರ ಏಳು. ಹೊಸ ಮುಖ್ಯ ಶಿಕ್ಷಕಿ ಕಚೇರಿಯಲ್ಲಿ ಕುಳಿತು ಇಪ್ಪತ್ತಾರು ಮೊಟ್ಟೆಯ ವ್ಯತ್ಯಾಸ ಬರೆದುಕೊಳ್ಳುತ್ತಿದ್ದರು. ಪುಸ್ತಕದ ರಟ್ಟು ಗುರುತು ಸಿಕ್ಕಿತು. ಬೀರುವಿನಲ್ಲಿ ನಾನು ಮರೆತು ಬಂದಿದ್ದ ಗೆರೆ ನೋಟ್‌ಬುಕ್ ಅದು. ಇನ್ನೂ ಅರ್ಧದಷ್ಟು ಹಾಳೆಗಳು ಖಾಲಿ ಇದ್ದವು ಸರ್, ಸುಮ್ಮನೆ ಯಾಕೆ ಹಾಳು ಮಾಡುವುದು ಎಂದರು.

ನಮಸ್ಕಾರ.