ಮಾಳಿಗೆ ಹತ್ತಿ ಚಿತ್ರ ಬರೆಯೋಣ

ಕೇಳುಗರಿಗೆ ನಮಸ್ಕಾರ. ವಿಜಯಪುರದಲ್ಲಿ ಯಾರ ಕೈಗೆ ಕುಂಚ ಕೊಟ್ಟರೂ ಮೊದಲು ಬರೆಯುವುದು ಗೋಲಗುಮ್ಮಟವನ್ನೇ. ಬರೆಯಲಿ, ತಪ್ಪಿಲ್ಲ. ಆದರೆ ಮಸಿ, ಜಲವರ್ಣ ಈಗಷ್ಟೇ ಹಿಡಿದವರು ಅದರ ಬದಲು ಮಾಳಿಗೆಗಳನ್ನು, ಅಂದರೆ ಮನೆಗಳ ಮೇಲಿನ ಸಪಾಟು ಚಾವಣಿಗಳನ್ನು ಬರೆಯಿರಿ ಎನ್ನುತ್ತೇನೆ. ಸಂಜೆ ನಮ್ಮೂರ ಹಳೇ ಕಾವಲು ಗೋಪುರ ಉಪ್ಪಲಿ ಬುರುಜ್ ಹತ್ತಿ. ಹೊರಮೈಗೆ ಸುತ್ತಿಕೊಂಡ ಮೆಟ್ಟಿಲೇರಿ ಸುಮಾರು 80 ಅಡಿ ಎತ್ತರದಲ್ಲಿ ನಿಂತು ಪೂರ್ವಕ್ಕೆ ನೋಡಿ. ಬಿಸಿಲು ನಿಮ್ಮ ಬೆನ್ನಿಗೆ, ಊರು ನಿಮ್ಮ ಕಣ್ಮುಂದೆ.

ಕಂಡದ್ದನ್ನೆಲ್ಲ ಬರೆಯಹೋಗಬೇಡಿ. ಮಾಳಿಗೆಯಂಚಿನ ಗಿಡ್ಡ ಗೋಡೆ ಅಂದರೆ ಒಂದು ಕುಂಬಿ, ಒಂದು ಕರಿ ನೀರಿನ ಟಾಕಿ, ಮಣ್ಣಿನ ಚಾವಣಿಯ ಹಳೇ ಮೇಲ್ಮುದ್ದಿ ಮನೆಯ ಬೆಳಕಿಂಡಿ, ತಂತಿಯ ಮೇಲೆ ಒಣಗುವ ಇಳಕಲ್ ಸೀರೆ. ಇಷ್ಟು ಸಾಕು.

ಪೆನ್ಸಿಲ್ಲಿನಲ್ಲಿ ತೆಳ್ಳಗೆ ಗುರುತು ಮಾಡಿ, ಆಮೇಲೆ ಮಸಿ. ನೀರಿಗೆ ಕದಡದ ಮಸಿಯೇ ಬೇಕು. ಮಕ್ಕಳ ಇಂಕ್ ಪೆನ್ನಿನ ನೀಲಿ ಇಲ್ಲಿ ನಡೆಯದು. ಅನುಮಾನವಿದ್ದರೆ ಚೂರು ಕಾಗದದ ಮೇಲೆ ಗೆರೆ ಎಳೆದು, ಒಣಗಿದ ಮೇಲೆ ಒದ್ದೆ ಬೆರಳಾಡಿಸಿ ನೋಡಿ. ಹತ್ತಿರದ ಕುಂಬಿಗೆ ದಪ್ಪ ಗೆರೆ, ದೂರದ ಮನೆಗಳಿಗೆ ಸಣ್ಣದು, ಅಲ್ಲಲ್ಲಿ ಕಡಿದದ್ದು. ದೂರದಲ್ಲಿ ಕಾಣುವ ಗೋಲಗುಮ್ಮಟಕ್ಕೆ ಮಸಿಯನ್ನೇ ಮುಟ್ಟಿಸಬೇಡಿ, ತಿಳಿಬೂದು ಬಣ್ಣವೊಂದೇ ಸಾಕು. ಅಷ್ಟು ದೊಡ್ಡ ಗುಮ್ಮಟವನ್ನು ಹಿಂದಕ್ಕೆ ಸರಿಸಿ ನಿಲ್ಲಿಸುವ ಉಪಾಯ ಅದು.

ಬಣ್ಣದ ವಿಷಯಕ್ಕೆ ಬಂದರೆ, ನಮ್ಮ ಬ್ಯಾಸಿಗೆಯ ಒಣಗಾಳಿ ಬಲು ಕಿರಿಕಿರಿ. ಆಕಾಶಕ್ಕೆ ಹಚ್ಚಿದ ನೀಲಿ ಆ ಬದಿ ಮುಟ್ಟುವುದರೊಳಗೆ ಈ ಬದಿ ಒಣಗಿ ಗೆರೆ ಬಿದ್ದಿರುತ್ತದೆ. ಅದಕ್ಕೇ ಮೊದಲು ಆಕಾಶದ ಜಾಗಕ್ಕೆ ಬರೀ ನೀರು ಸವರಿ, ಕಾಗದ ಹಸಿ ಇರುವಾಗಲೇ ಬಣ್ಣ ಬಿಡಿ. 300 ಜಿಎಸ್‌ಎಂ ತೂಕದ ದಪ್ಪ ಕಾಗದವಾದರೆ ಅಷ್ಟು ಬೇಗ ಸೊಟ್ಟಗಾಗುವುದಿಲ್ಲ.

ನೆರಳಿಗೆ ಕಪ್ಪು ಟ್ಯೂಬು ಬೇಡವೇ ಬೇಡ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನಾ ಎಂಬ ಕೆಂಗಂದು ಬಣ್ಣ ಕೂಡಿಸಿ, ಜೀವವಿರುವ ಬೂದು ಬರುತ್ತದೆ. ಎಲ್ಲ ನೆರಳೂ ಒಂದೇ ಕಡೆ ಬೀಳಲಿ. ಕುಂಬಿಯ ಬಿಸಿಲು ಮೈಗೆ ಏನನ್ನೂ ಹಚ್ಚಬೇಡಿ. ಜಲವರ್ಣದಲ್ಲಿ ಬಿಸಿಲೆಂದರೆ ಖಾಲಿ ಬಿಟ್ಟ ಕಾಗದ. ಇದಕ್ಕೆ ಕೈ ತಡೆದುಕೊಳ್ಳುವುದೇ ಕಷ್ಟ, ಉಳಿದದ್ದೆಲ್ಲ ಅಭ್ಯಾಸ.

ಸೀರೆಯ ಸೆರಗನ್ನು ಕಟ್ಟಕಡೆಗೆ ಹಿಡಿಯಿರಿ. ಕೆಂಪು ಗಟ್ಟಿಯಾಗಿರಲಿ, ನಡುವಿನ ಬಿಳಿ ತೆನೆ ಚಿತ್ತಾರದ ಜಾಗ ಬಿಟ್ಟು ಹಚ್ಚಿ. ಒಮ್ಮೆ ಹಚ್ಚಿದ ಮೇಲೆ ತಿದ್ದಲು ಹೋಗಬೇಡಿ, ಕೆಂಪು ಮಂಕಾಗುತ್ತದೆ. ನಮಸ್ಕಾರ.