ಎಂ3 ಬ್ಯಾಡ್ಜ್ ಕಿತ್ತಾಗ ಕೆಳಗೆ ಕಂಡಿದ್ದು

ಈ ವಿಡಿಯೋದಲ್ಲಿ ಬ್ಯಾಡ್ಜ್ ಬಿಸಿ ಮಾಡೋ ಹೇರ್ ಡ್ರೈಯರ್ ಸೌಂಡ್ ಬಿಟ್ರೆ ಬೇರೇನೂ ಕೇಳಿಸ್ತಿರ್ಲಿಲ್ಲ, ಅದಕ್ಕೆ ಅಲ್ಲಿನ ಆಡಿಯೋ ತೆಗೆದು ಮೇಲೆ ನಾನೇ ಮಾತಾಡ್ತಿದೀನಿ. ಕಾರು ನನ್ನ ಫ್ರೆಂಡ್‌ದು. ಬಿಎಂಡಬ್ಲ್ಯು ಇ30, ಅಂದ್ರೆ 80ರ ದಶಕದ 3 ಸೀರೀಸ್ ಕಾರು, ಎರಡು ಡೋರು, ಅಗಲವಾದ ವೀಲ್ ಆರ್ಚು (ಚಕ್ರದ ಮೇಲಿನ ಕಮಾನು), ಡಿಕ್ಕಿ ಮೇಲೆ ಎಂ3 ಅಂತ ಬ್ಯಾಡ್ಜು, ಅಂದ್ರೆ ರೇಸಿಗೆ ಅಂತ ಮಾಡಿದ ಇ30. ಮಾರಿದವರು ಒರಿಜಿನಲ್ ಎಂ3 ಅಂತ ಹೇಳೇ ಮಾರಿದಾರೆ. ಯಾರು ಅಂತ ನಾನು ಹೇಳಲ್ಲ, ಕೇಳ್ಬೇಡಿ.

ಇಲ್ಲಿ ವೀಲ್ ತೋರಿಸ್ತಿದೀನಿ ನೋಡಿ, ನಾಲ್ಕು ಬೋಲ್ಟು. ಅಸಲಿ ಇ30 ಎಂ3ಗೆ ಐದು. ನನ್ನ ಮಟ್ಟಿಗೆ ಕಥೆ ಇಲ್ಲೇ ಮುಗೀತು, ಆದ್ರೆ ಅವನಿಗೆ ಇನ್ನೂ ಆಸೆ, ಯಾರೋ ಹಬ್ (ವೀಲ್ ಕೂರೋ ಭಾಗ) ಬದಲಾಯಿಸಿರಬಹುದಲ್ವಾ ಅಂದ. ಸರಿ, ಮ್ಯಾಗ್ನೆಟ್ ತಗೊಂಡು ಬಾ ಅಂದೆ.

ಈ ಮ್ಯಾಗ್ನೆಟ್ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ತೀನಿ. ಎಂ3 ಅಂದ್ರೆ ಮಾಮೂಲಿ ಇ30ಗೆ ಜೋರಾದ ಇಂಜಿನ್ ಕೂರಿಸಿ ಬ್ಯಾಡ್ಜ್ ಹೊಡೆದಿದ್ದಲ್ಲ. ಗ್ರೂಪ್ ಎ, ಅಂದ್ರೆ ಮಾರಾಟದ ಕಾರುಗಳನ್ನೇ ಆಧರಿಸಿದ ರೇಸಿಗೆ ಇಳೀಬೇಕು ಅಂದ್ರೆ ರಸ್ತೆಗೆ ಓಡೋ 5000 ಕಾರು ಮಾಡ್ಲೇಬೇಕಿತ್ತು, ಅದಕ್ಕೇ ಅಂತ 1986ರಲ್ಲಿ ತಯಾರಿ ಶುರುವಾದ ಕಾರದು. ಬಾನೆಟ್ಟು, ಬಾಗಿಲು ಇಂಥವು ಬಿಟ್ರೆ ಹೊರಗಿನ ಶೀಟ್ ಹೆಚ್ಚುಕಮ್ಮಿ ಪೂರ್ತಿ ಬೇರೆ. ಹಿಂದಿನ ಗ್ಲಾಸ್ ಇನ್ನೂ ಓರೆ, ಡಿಕ್ಕಿ ಇನ್ನೂ ಎತ್ತರ, ಗಾಳಿ ಸರಿಯಾಗಿ ಸ್ಪಾಯ್ಲರ್ ಮೇಲೆ ಹರೀಲಿ ಅಂತ. ಆ ಡಿಕ್ಕಿ ಬಾಗಿಲು ಪ್ಲಾಸ್ಟಿಕ್ಕು, ತೂಕ ಕಮ್ಮಿ ಮಾಡೋಕೆ. ಆರ್ಚ್‌ಗಳು ಮಾತ್ರ ಸ್ಟೀಲು. ಅಂದ್ರೆ ಅಸಲಿ ಕಾರಲ್ಲಿ ಮ್ಯಾಗ್ನೆಟ್ ಆರ್ಚಿಗೆ ಅಂಟ್ಬೇಕು, ಡಿಕ್ಕಿಗೆ ಅಂಟಬಾರದು. ಇಲ್ಲಿ ನೋಡಿ, ಡಿಕ್ಕಿಗೆ ಟಪ್ ಅಂತ ಕೂತ್ಕೊಳ್ತು. ಆರ್ಚಿಗೆ ಹಿಡಿದ್ರೆ ಜಾರಿ ಕೆಳಗೆ ಬೀಳ್ತು, ಅಲ್ಲಿರೋದು ಫೈಬರ್ರು, ಅದರ ಅಂಚಲ್ಲಿ ದಪ್ಪಗೆ ಪುಟ್ಟಿ. ಪೂರ್ತಿ ಉಲ್ಟಾ. ನನ್ನ ಫ್ರೆಂಡ್ ಮುಖ ನೋಡೋಕಾಗ್ಲಿಲ್ಲ, ಆ ಶಾಟ್ ಹಾಕಿಲ್ಲ.

ಈಗ ಬ್ಯಾಡ್ಜ್. ಬಿಸಿ ಮಾಡೋದು, ಹಿಂದೆ ದಾರ ಹಾಕಿ ಗರಗಸದ ಥರ ಎಳೆಯೋದು, ಅದೆಲ್ಲ ಕಾಣ್ತಿದೆಯಲ್ಲ. ಆದ್ರೆ ಈ ಗಮ್ ಇದೆಯಲ್ಲಾ ಗುರೂ, ಇದನ್ನ ಅಂಟಿಸಿದವನು ಯಾರೋ, ಒರೆಸಿದಷ್ಟೂ ಹರಡುತ್ತೆ, ಉಗುರಲ್ಲಿ ಕೆರೆದ್ರೆ ಉಗುರಿಗೇ ಹತ್ತುತ್ತೆ, ಜಾಸ್ತಿ ಬಿಸಿ ಕೊಟ್ರೆ ಹಳೇ ಪೇಂಟ್ ಏಳುತ್ತೇನೋ ಅಂತ ಭಯ, ಕಮ್ಮಿ ಕೊಟ್ರೆ ಅದು ಅಲ್ಲಾಡೋದೇ ಇಲ್ಲ. ಸಾಯಂಕಾಲದ ತನಕ ಇದೇ ಆಯ್ತು. ಕೊನೆಗೆ ಗಮ್ ಹೋದ ಮೇಲೆ ಲೈಟನ್ನ ಪಕ್ಕದಿಂದ ಬಿಡ್ತೀನಿ, ನೋಡಿ, ಮೂರು, ಒಂದು, ಎಂಟು, ಐ. ಮಾಮೂಲಿ ಇ30, 318ಐ. ವರ್ಷಾನುಗಟ್ಟಲೆ ಬಿಸಿಲಿಗೆ ಸುತ್ತಲಿನ ಬಣ್ಣ ಮಾಸಿದೆ, ಹಳೇ ಬ್ಯಾಡ್ಜ್ ಅಡಿಯಲ್ಲಿದ್ದ ಬಣ್ಣ ಮಾತ್ರ ಗಾಢವಾಗೇ ಉಳಿದಿದೆ. ಅದರ ಮೇಲೇ ಎಂ3 ಅಂಟಿಸಿದಾರೆ.

ನಂಗೆ ಮೈ ಉರಿದಿದ್ದು ಇಲ್ಲಿ. ದುಡ್ಡಿನ ಮೋಸ ಒಂದು ಕಡೆ, ಅದು ದೊಡ್ಡದೇ. ಆದ್ರೆ ಇದು ಒಂದು ಅಸಲಿ 318ಐ ಕಣ್ರೀ. ಅದನ್ನ ಕಡಿದು, ಆರ್ಚ್ ಕೊರೆದು, ಹೆಸರು ಕಿತ್ತು ಸುಳ್ಳು ಎಂ3 ಮಾಡಿದಾರೆ. ಎಂ3ಗಳನ್ನ ಜನ ಹೇಗೂ ಜೋಪಾನ ಮಾಡ್ತಾರೆ, ನೆಟ್ಟಗಿರೋ 318ಐ ಉಳಿಸಿಕೊಂಡಿರೋರು ಎಷ್ಟು ಜನ? ಫೆರಾರಿಯಲ್ಲೂ ಇದೇ ಆಗಿದ್ದು. 250 ಜಿಟಿಒ ಅನ್ನೋ ರೇಸ್ ಕಾರು ಮಾಡಿದ್ದು 36, 2018ರ ಹರಾಜಲ್ಲಿ ಒಂದು 4.84 ಕೋಟಿ ಡಾಲರ್‌ಗೆ ಹೋಯ್ತು. ಆ ಆಕಾರದ ನಕಲು ಮಾಡೋಕೆ ಅಂತ ಎಷ್ಟೋ 250 ಜಿಟಿಇಗಳನ್ನ ಕಡಿದುಹಾಕಿದ್ರು. ಅವೂ ಫೆರಾರಿಗಳೇ, ನಾಲ್ಕು ಸೀಟಿನವು ಅಷ್ಟೇ.

ಹಾಗಂತ ರೆಪ್ಲಿಕಾನೇ ಬೇಡ ಅಂತೀನಾ? ಬೆಳಿಗ್ಗೆ ಕೇಳಿದ್ರೆ ಹೌದು ಅಂತಿದ್ದೆ. ಆದ್ರೆ ಅಮೆರಿಕದ ಸ್ಪೋರ್ಟ್ಸ್ ಕಾರು ಶೆಲ್ಬಿ ಕೋಬ್ರಾ ನೋಡಿ, 60ರ ದಶಕದಲ್ಲಿ ಮಾಡಿದ್ದು ಸುಮಾರು ಒಂದು ಸಾವಿರ, ಆಮೇಲೆ ಬಂದ ನಕಲುಗಳು ಅದಕ್ಕಿಂತ ಎಷ್ಟೋ ಪಟ್ಟು. ಹೊಸ ಚಾಸಿ ಮೇಲೆ ಕಟ್ತಾರೆ, ಕಿಟ್ ಕಾರ್, ಅಂದ್ರೆ ಬಿಡಿಭಾಗ ತಂದು ಜೋಡಿಸಿದ್ದು, ಅಂತ ಬಾಯ್ಬಿಟ್ಟು ಹೇಳ್ತಾರೆ, ಖುಷಿಯಾಗಿ ಓಡಿಸ್ತಾರೆ. ಅದ್ರಲ್ಲಿ ನಂಗೇನೂ ತಪ್ಪು ಕಾಣಲ್ಲ, ಕೈಗೆ ಸಿಕ್ರೆ ನಾನೂ ಓಡಿಸ್ತೀನಿ. ಜಾಗ್ವಾರ್‌ದು ಇನ್ನೂ ತಲೆ ಕೆಡಿಸುತ್ತೆ. 1957ರಲ್ಲಿ ಬ್ರೌನ್ಸ್ ಲೇನ್ ಫ್ಯಾಕ್ಟರಿಗೆ ಬೆಂಕಿ ಬಿದ್ದು ಒಂಬತ್ತು ಎಕ್ಸ್‌ಕೆಎಸ್‌ಎಸ್ ಸ್ಪೋರ್ಟ್ಸ್ ಕಾರು ಸುಟ್ಟುಹೋದ್ವು, 2016ರಲ್ಲಿ ಅದೇ ಕಂಪನಿ ಆ ಒಂಬತ್ತನ್ನ ಹೊಸದಾಗಿ ಮಾಡ್ತೀವಿ ಅಂತು. ಅಸಲಿ ಅಂತೀರಾ, ನಕಲಿ ಅಂತೀರಾ? ನಾನು ಅಸಲಿ ಅನ್ನಲ್ಲ. ಆದ್ರೆ ಯಾವಾಗ ಮಾಡಿದ್ದು ಅಂತ ಮುಚ್ಚಿಡ್ತಿಲ್ಲ, ಹಾಗಾಗಿ ಜಗಳಾನೂ ಇಲ್ಲ.

ಜಗಳ ಇರೋದು ಮುಚ್ಚಿಡೋರ ಜೊತೆ. ಮೊದಲನೇ ಓನರ್ ಶೋಕಿಗೆ ಬ್ಯಾಡ್ಜ್ ಅಂಟಿಸ್ತಾನೆ, ಎರಡನೆಯವನು ಮಾರೋವಾಗ ಸುಮ್ಮನಿರ್ತಾನೆ, ಮೂರನೆಯವನಿಗೆ ಗೊತ್ತೇ ಇರಲ್ಲ, ಅವನು ನಿಜ ಅಂತಾನೇ ನಂಬಿ ಮಾರ್ತಾನೆ. ಇ30ಯಲ್ಲಾದ್ರೆ ಮ್ಯಾಗ್ನೆಟ್ಟಲ್ಲಿ ಬಣ್ಣ ಬಯಲಾಯ್ತು. ಅಮೆರಿಕದ ಪಾಂಟಿಯಾಕ್ ಕಂಪನಿಯ ಜಿಟಿಒ ಆಗಿದ್ರೆ? 1964ರಲ್ಲಿ ಅದು ಬೇರೆ ಮಾಡೆಲ್ಲೇ ಅಲ್ಲ, ಅದೇ ಕಂಪನಿಯ ಲೆಮಾನ್ಸ್ ಕಾರಿನ ಮೇಲೆ ಹೆಚ್ಚಿಗೆ ದುಡ್ಡು ಕೊಟ್ಟು ಹಾಕಿಸ್ಕೊಳ್ಳೋ ಒಂದು ಆಪ್ಷನ್ನು, ಚಾಸಿ ನಂಬರ್ ನೋಡಿದ್ರೂ ಗೊತ್ತಾಗಲ್ಲ, ಕಂಪನಿಯ ಹಳೇ ದಾಖಲೆ ತೆಗೆಸಬೇಕು. ಅಂಥ ಕಡೆ ಒಬ್ಬ ಸುಳ್ಳು ಹೇಳಿದ್ರೆ ನಿಜವಾದ ಜಿಟಿಒ ಇಟ್ಕೊಂಡವನನ್ನೂ ಜನ ಅನುಮಾನದಿಂದ ನೋಡ್ತಾರೆ.

ಅಯ್ಯೋ, ಶಾಟ್ ಮುಗೀತಾ ಬಂತು. ಬೇಗ ಹೇಳ್ಬಿಡ್ತೀನಿ. ಮಾರಿದವರಿಗೆ ಡಿಕ್ಕಿ ಫೋಟೋ ಹೋಗಿದೆ, ದುಡ್ಡಿನ ಮಾತುಕತೆ ನಡೀತಿದೆ. ಕಾರು ವಾಪಸ್ ಕೊಡಲ್ಲ ಅಂತಿದಾನೆ ಇವನು, ಕೊಟ್ರೆ ನಾಳೆ ಮತ್ತೆ ಎಂ3 ಆಗಿ ಇನ್ನೊಬ್ಬರಿಗೆ ಹೋಗುತ್ತೆ ಅಂತ. ನಂಗೂ ಅದೇ ಸರಿ ಅನ್ಸುತ್ತೆ. ಫೈಬರ್ ಎಲ್ಲ ತೆಗೆದು 318ಐ ಆಗೇ ನಿಲ್ಲಿಸ್ತೀವಿ. ಎರಡು ಡೋರಿನ ಇ30ದು ಹಿಂದಿನ ಫೆಂಡರ್ ಶೀಟ್ ಯಾರ ಹತ್ರಾದ್ರೂ ಇದ್ರೆ ಹೇಳಿ, ಎಡಗಡೇದು ಮೊದಲು ಬೇಕು, ಅಲ್ಲೇ ಜಾಸ್ತಿ ಕೊರೆದಿದಾರೆ.