65ಕ್ಕೆ ರೋಗಿ, 60ಕ್ಕೆ ಗುಣ

ಕೇಳುಗರೆ, ನಮಸ್ಕಾರ.

ಎಂ.ಇ. ಅಥವಾ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಅಂತ ಒಂದು ಕಾಯಿಲೆ. ಹೆಸರು ಕೇಳಿದರೆ ಸುಮ್ನೆ ಸುಸ್ತು ಅನ್ನಿಸುತ್ತದೆ. ಅಷ್ಟೇ ಅಲ್ಲ. ಇವತ್ತು ಸ್ವಲ್ಪ ಜಾಸ್ತಿ ಓಡಾಡಿದರೆ ನಾಳೆಯೋ ನಾಡಿದ್ದೋ ಹಾಸಿಗೆ ಹಿಡಿಯಬೇಕಾಗುತ್ತದೆ.

ಇದಕ್ಕಾಗಿ ಬ್ರಿಟನ್ನಿನಲ್ಲಿ ಪೇಸ್ ಎಂಬ ದೊಡ್ಡ ಪ್ರಯೋಗ ನಡೆಯಿತು. 641 ರೋಗಿಗಳು. 2011ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹಂತಹಂತವಾಗಿ ವ್ಯಾಯಾಮ ಹೆಚ್ಚಿಸಿದರೆ, ಇಲ್ಲವೇ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಕೊಟ್ಟರೆ ಅನುಕೂಲ ಅಂದರು. 2013ರ ಲೇಖನದಲ್ಲಿ ಈ ಎರಡೂ ಗುಂಪುಗಳಲ್ಲಿ ಶೇ. 22 ಜನ ಚೇತರಿಸಿಕೊಂಡರು ಅಂತ ಬರೆದರು.

ಚೇತರಿಕೆ ಅಂದರೆ ಎಷ್ಟು? ಕೆದಕಿದವರು ರೋಗಿಗಳೇ.

ಪ್ರಯೋಗದಲ್ಲಿ ಹತ್ತು ಪ್ರಶ್ನೆಗಳ ಒಂದು ಹಾಳೆ ಇತ್ತು. ಮೆಟ್ಟಿಲು ಹತ್ತಲು ಕಷ್ಟವೇ? ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳಲು? ತುಂಬಾ ಕಷ್ಟ ಅಂದರೆ 0, ಸ್ವಲ್ಪ ಅಂದರೆ 5, ಏನೂ ಇಲ್ಲ ಅಂದರೆ 10. ಒಟ್ಟು 100. ಪ್ರಯೋಗಕ್ಕೆ ಸೇರಲು 65 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಚೇತರಿಕೆಗೆ ಮೊದಲು ಬರೆದಿಟ್ಟ ಗೆರೆ 85. ಆಮೇಲೆ ಅದನ್ನು 60ಕ್ಕೆ ಇಳಿಸಿದರು.

65 ಅಂಕ ಇದ್ದವನೊಬ್ಬ ರೋಗಿ ಅಂತ ಒಳಗೆ ಬಂದ ಅಂದುಕೊಳ್ಳಿ. ವರ್ಷದ ಕೊನೆಗೆ ಮೆಟ್ಟಿಲಿನ ಪ್ರಶ್ನೆಗೆ "ಸ್ವಲ್ಪ" ಹೋಗಿ "ತುಂಬಾ" ಆಯಿತು. ಅಂಕ 60. ಕಾಯಿಲೆ ಜಾಸ್ತಿಯಾಗಿದೆ, ಆದರೂ ಈ ಅಳತೆಯಲ್ಲಿ ಪಾಸು! ಬೇರೆ ಷರತ್ತುಗಳೂ ಇದ್ದವು, ನಿಜ. ಅವನ್ನೂ ಸಡಿಲ ಮಾಡಿದ್ದರು.

ಇನ್ನೊಂದು. ಯಾವ ಚಿಕಿತ್ಸೆ ಸಿಗುತ್ತಿದೆ ಅಂತ ರೋಗಿಗೆ ಗೊತ್ತು, ಹೇಗಿದ್ದೀನಿ ಅಂತ ಬರೆಯುವವನೂ ಅವನೇ. ಓಡಾಟ ಅಳೆಯಲು ಕಾಲಿಗೆ ಕಟ್ಟುವ ಪುಟ್ಟ ಯಂತ್ರ ಇತ್ತು. ಶುರುವಿನಲ್ಲಿ ಕಟ್ಟಿದರು, ಕೊನೆಯಲ್ಲಿ ಕಟ್ಟಲಿಲ್ಲ. ರೋಗಿಗೆ ಹೊರೆಯಾಗುತ್ತದಂತೆ. ವ್ಯಾಯಾಮ ಮಾತ್ರ ಹೊರೆಯಲ್ಲ, ಅಲ್ವಾ?

ಒಬ್ಬ ರೋಗಿ ಮಾಹಿತಿ ಹಕ್ಕಿನಡಿ ಪ್ರಯೋಗದ ಅಂಕಿಅಂಶ ಕೇಳಿದರು. ಪ್ರಯೋಗ ನಡೆಸಿದ ವಿಶ್ವವಿದ್ಯಾಲಯ ಕೊಡಲು ಒಪ್ಪಲಿಲ್ಲ. 2016ರಲ್ಲಿ ನ್ಯಾಯಮಂಡಳಿ ಕೊಡಿಸಿತು. ಮೊದಲ ಅಳತೆಯಲ್ಲೇ ಮತ್ತೆ ಲೆಕ್ಕ ಹಾಕಿದಾಗ ಶೇ. 22 ಇದ್ದದ್ದು ಸಿಬಿಟಿಯಲ್ಲಿ ಶೇ. 7, ವ್ಯಾಯಾಮದಲ್ಲಿ 4 ಆಯಿತು. ಎರಡೂ ಇಲ್ಲದ, ತಜ್ಞ ವೈದ್ಯರ ಆರೈಕೆ ಮಾತ್ರ ಇದ್ದ ಗುಂಪಿನಲ್ಲಿ 3.

2021ರಲ್ಲಿ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ನೈಸ್, ಹೀಗೆ ವ್ಯಾಯಾಮ ಹೆಚ್ಚಿಸುತ್ತಾ ಹೋಗುವ ಚಿಕಿತ್ಸೆ ಕೊಡಬೇಡಿ ಅಂದಿತು. ಅಷ್ಟರಲ್ಲಿ ಲ್ಯಾನ್ಸೆಟ್ ಲೇಖನಕ್ಕೆ ಹತ್ತು ವರ್ಷ ತುಂಬಿತ್ತು.

ನಮಸ್ಕಾರ.